ಹಳಿ ಇಲ್ಲದ ರೈಲು ದಾರಿ: ಮೌಂಟ್ ಲೋ ಪೂರ್ತಿ ನಡೆದವರು ಇದ್ದೀರಾ?

ಹಳಿ ಹುಡುಕಿ | ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇದ್ದವರು ಓದಿ.

2024ರ ನವೆಂಬರ್‌ನಲ್ಲಿ ಅಪ್ಪ ನಮ್ಮ ಮನೆಗೆ ಬಂದಿದ್ದರು. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಲಾಸ್ ಏಂಜಲೀಸ್‌ನಲ್ಲಿ ಏನು ತೋರಿಸಿದರೂ "ಹ್ಞೂಂ, ಚೆನ್ನಾಗಿದೆ" ಅಷ್ಟೇ. ಸಮುದ್ರಕ್ಕೂ ಅದೇ, ಹಾಲಿವುಡ್ ಬೋರ್ಡಿಗೂ ಅದೇ. ಕೊನೆಗೆ ಆಲ್ಟಡೀನಾ ಊರಿನ ನೆತ್ತಿಯ ಮೇಲಿರುವ ಎಕೋ ಮೌಂಟನ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಕಾಲಕ್ಕೆ ಮೌಂಟ್ ಲೋ ರೈಲು ಅನ್ನುವ ಬೆಟ್ಟದ ರೈಲು ಇತ್ತು ಅಂತ ಮಾತ್ರ ನನಗೆ ಗೊತ್ತಿತ್ತು.

ಲೇಕ್ ಅವೆನ್ಯೂ ಮುಗಿಯುವಲ್ಲಿ ಕಾಬ್ ಎಸ್ಟೇಟ್‌ನ ಹಳೇ ಗೇಟು. ಅಲ್ಲಿಂದ ಸ್ಯಾಮ್ ಮೆರಿಲ್ ಟ್ರೇಲ್ ಹಿಡಿದೆವು. ಎರಡೂವರೆ ಮೈಲಿಗಿಂತ ಸ್ವಲ್ಪ ಜಾಸ್ತಿ, ಏರೋದು ಸುಮಾರು 1,400 ಅಡಿ. ತಿರುವಿನ ಮೇಲೆ ತಿರುವು, ನೆರಳು ಅನ್ನೋದೇ ಇಲ್ಲ. ಅಪ್ಪನಿಗೆ 66. ಪ್ರತಿ ತಿರುವಿನಲ್ಲೂ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೆಳಗಿನ ಊರು ನೋಡುತ್ತಿದ್ದರು. ನೋಡೋದು ನೆಪ, ಉಸಿರಿಗೆ ಪುರುಸೊತ್ತು ಬೇಕಿತ್ತು.

ಮೇಲೆ ಹೋದರೆ ಅಗಲವಾದ ಮೆಟ್ಟಿಲುಗಳಿವೆ, ಹತ್ತಿದರೆ ತಳಪಾಯ ಬಿಟ್ಟು ಬೇರೇನೂ ಇಲ್ಲ. ಪಕ್ಕದಲ್ಲಿ ತುಕ್ಕು ಹಿಡಿದ ದೊಡ್ಡ ಚಕ್ರ. ನಾನು ಫೋಟೋ ತೆಗೆಯೋಣ ಅಂದರೆ ಅಪ್ಪ ಅದರ ಅಂಚು ಸವರುತ್ತಾ ನಿಂತರು. "ಇದು ಕೇಬಲ್ ಎಳೆಯೋ ಚಕ್ರ. ಮೋಟಾರ್ ಎಲ್ಲಿತ್ತು?" ಅಂದರು. ನನಗೇನು ಗೊತ್ತು!

ಅಲ್ಲಿಂದ ಮುಂದಕ್ಕೆ ಹಳೇ ರೈಲಿನ ದಾರಿ ಶುರುವಾಗುತ್ತದೆ ಅಂತ ಬೋರ್ಡ್ ಇದೆ. ನೂರು ಹೆಜ್ಜೆ ಹಾಕಿರಬೇಕು, ಅಪ್ಪ ನಿಂತರು. "ನೋಡು, ಉಸಿರು ತಾನಾಗೇ ಸರಿಹೋಯಿತು. ಇಲ್ಲೀವರೆಗೆ ಬಂದದ್ದು ಮನುಷ್ಯರು ಮಾಡಿದ ದಾರಿ. ಇದು ರೈಲಿನವರು ಮಾಡಿದ್ದು." ಏರು ಇದ್ದೇ ಇದೆ, ಆದರೆ ಒಂದೇ ಸಮ. ಎಲ್ಲೂ ಕಾಲು ಎತ್ತಿ ಹಾಕುವ ಹಾಗಿಲ್ಲ. ಕಣ್ಣಳತೆಯಲ್ಲೇ "ಹದಿನಾಲ್ಕಕ್ಕೆ ಒಂದು, ಇಲ್ಲಾ ಹದಿನೈದಕ್ಕೆ ಒಂದು" ಅಂದರು. ಅಂದರೆ 14 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಆಮೇಲೆ ಅವರಿಗೇ ಅನುಮಾನ ಶುರುವಾಯಿತು. "ಇಷ್ಟು ಏರಿಗೆ ಹಲ್ಲಿನ ಹಳಿ ಬೇಕಲ್ಲ ಮಗಾ? ನೀಲಗಿರೀಲಿ ಹನ್ನೆರಡಕ್ಕೆ ಒಂದು. ಅಲ್ಲಿ ಮಧ್ಯ ಹಲ್ಲು ಹಾಕಿಯೇ ಎಂಜಿನ್ ಹತ್ತಿಸೋದು." ಅರ್ಧ ಮೈಲಿ ನೆಲ ನೋಡಿಕೊಂಡೇ ನಡೆದರು. ಕತ್ತಲಾಗುತ್ತೆ ಅಂತ ವಾಪಸ್ ಬಂದೆವು.

ಎರಡು ತಿಂಗಳಿಗೆ, 2025ರ ಜನವರಿ 7ರಂದು, ಈಟನ್ ಅನ್ನುವ ಕಾಡ್ಗಿಚ್ಚು. ಆಲ್ಟಡೀನಾದಲ್ಲಿ ನಾವು ಕಾರು ನಿಲ್ಲಿಸಿದ್ದ ಬೀದಿಗಳ ಚಿತ್ರ ನೋಡಿ ಇದರ ಬಗ್ಗೆ ಬರೆಯಲು ಮನಸ್ಸೇ ಬರಲಿಲ್ಲ. ಆದರೆ ಅಪ್ಪ ಬಿಡುತ್ತಿಲ್ಲ. ಪ್ರತಿ ಭಾನುವಾರ ಫೋನ್ ಮಾಡಿದಾಗ ಕೊನೆಗೆ ಅದೇ ಪ್ರಶ್ನೆ: "ಆ ರೈಲಿಗೆ ಹಲ್ಲು ಇತ್ತೋ ಇಲ್ಲವೋ, ನೋಡಿದೆಯಾ?"

ಬಲ್ಲವರು ಹೇಳಿ. 1900ರಲ್ಲಿ ಎಕೋ ಮೇಲಿದ್ದ ಹೋಟೆಲ್ ಸುಟ್ಟುಹೋಗಿ ರೈಲೂ ನಿಂತುಹೋಯಿತು ಅಂತ ಯಾರೋ ಅಂದಿದ್ದರು, ಅದು ನಿಜವಾ? ಮುಂದಿನ ದಾರಿ ಹೇಗಿದೆ?

ಸುಮ್ನೆ ಬಂದೆ | ಶನಿವಾರ ರಾತ್ರಿ 9:31

ಜೀವನಪೂರ್ತಿ ಹಳಿ ನೋಡಿದವರನ್ನ ಹಳಿನೇ ಇಲ್ಲದ ಕಡೆ ಕರ್ಕೊಂಡು ಹೋಗಿದ್ದೀರಲ್ಲ ಗುರು! ಅವರಿಗೆ ನಿದ್ದೆ ಹೇಗೆ ಬರಬೇಕು?

ಬೋಲ್ಟು ನಟ್ಟು | ಶನಿವಾರ ರಾತ್ರಿ 10:05

ನಿಮ್ಮ ತಂದೆಯವರ ಕಣ್ಣಿಗೆ ದೊಡ್ಡ ನಮಸ್ಕಾರ. ಲೆಕ್ಕ ಹಾಕಿ ನೋಡಿ. ಎಕೋ ಮೌಂಟನ್‌ನಿಂದ ಕೊನೆಯ ನಿಲ್ದಾಣಕ್ಕೆ ಸುಮಾರು ಮೂರೂವರೆ ಮೈಲಿ, ಅಂದರೆ 18,480 ಅಡಿ. ಅಷ್ಟರಲ್ಲಿ ಏರುವುದು ಹೆಚ್ಚುಕಮ್ಮಿ 1,300 ಅಡಿ. ಭಾಗಿಸಿದರೆ ಹದಿನಾಲ್ಕಕ್ಕೆ ಒಂದು! ನೂರು ಹೆಜ್ಜೆ ನಡೆದು ಹೇಳಿದರಲ್ಲ, ಅನುಭವ ಅಂದರೆ ಅದು.

ಹಲ್ಲಿನ ಹಳಿ ಇರಲಿಲ್ಲ ಅಂತ ಹೇಳಿ. ಅದು ಹೊಗೆ ಬಂಡಿ ಅಲ್ಲ, ಮೇಲೆ ತಂತಿ ಕಟ್ಟಿ ಓಡಿಸುತ್ತಿದ್ದ ವಿದ್ಯುತ್ ಟ್ರಾಲಿ. ಹಬೆ ಎಂಜಿನ್ ಒಂದೇ ಬೋಗಿಗಳನ್ನೆಲ್ಲ ಎಳೆಯಬೇಕು, ಇಲ್ಲಾ ತಳ್ಳಬೇಕು. ಅದಕ್ಕೆ ಹಿಡಿತ ಸಿಗೋದು ತನ್ನ ಸ್ವಂತ ಭಾರದಿಂದ ಮಾತ್ರ. ಬೋಗಿಗಳ ಭಾರ ಹಿಂದಕ್ಕೆ ಜಗ್ಗುತ್ತದೆಯೇ ಹೊರತು ಹಿಡಿತಕ್ಕೆ ಸಹಾಯ ಮಾಡಲ್ಲ. ಅದಕ್ಕೇ ನೀಲಗಿರಿಯಲ್ಲಿ ಹಲ್ಲು ಬೇಕಾಯಿತು. ಟ್ರಾಲಿಯಲ್ಲಿ ಮೋಟಾರ್ ಇರೋದು ಜನ ಕೂತ ಬಂಡಿಯ ಅಡಿಯಲ್ಲೇ. ಜನರ ಭಾರವೂ ಓಡಿಸುವ ಗಾಲಿಯ ಮೇಲೇ ಬೀಳುತ್ತದೆ. ಒಂಟಿ ಬಂಡಿ, ಹಗುರ ಬೇರೆ. ಹಾಗಾಗಿ ಬರೀ ನುಣುಪು ಹಳಿಯ ಮೇಲೆ ಹತ್ತಿತು. ಗೇಜ್, ಅಂದರೆ ಎರಡು ಹಳಿಯ ನಡುವಿನ ಅಂತರ, ಮೂರೂವರೆ ಅಡಿ, ನಮ್ಮ ಮೀಟರ್ ಗೇಜಿಗಿಂತ ಒಂದು ಗೇಣು ಕೂಡ ಜಾಸ್ತಿ ಇಲ್ಲ.

ಅವರು ಸವರಿದ ಚಕ್ರ ಈ ಟ್ರಾಲಿಯದ್ದಲ್ಲ, ಅದರ ಕೆಳಗಿನ ಭಾಗದ್ದು. ಅದು ಇನ್ನೂ ಮಜಾ ಇದೆ. ನಾಳೆ ಬರೀತೀನಿ, ಈಗ ನಿದ್ದೆ.

ನಿಧಾನ ನಡಿಗೆ | ಭಾನುವಾರ ಬೆಳಗ್ಗೆ 6:48

ಹೋಟೆಲ್ ಸುಟ್ಟಿದ್ದು ನಿಜ, ರೈಲು ಆಗ ನಿಂತಿದ್ದು ಸುಳ್ಳು. ನಾನು ಬೆಂಕಿಗೆ ಮುಂಚೆ ಆ ದಾರಿ ಐದಾರು ಸಲ ಹತ್ತಿದ್ದೇನೆ. ಪ್ರತಿ ಸಲವೂ ಅಲ್ಲಿ ಯಾರಾದರೊಬ್ಬರು ಪಕ್ಕದವರಿಗೆ ಈ ಕಥೆ ಹೇಳುತ್ತಾ ಇರುತ್ತಾರೆ.

ರೈಲು ಶುರುವಾಗಿದ್ದು 1893ರ ಜುಲೈ 4. 1894ರಲ್ಲಿ ಎಕೋ ಮೇಲೆ 70 ಕೋಣೆಯ ಹೋಟೆಲ್ ತೆರೆಯಿತು. ಅದು 1900ರ ಫೆಬ್ರವರಿಯಲ್ಲಿ ಸುಟ್ಟಿತು. 1905ರಲ್ಲಿ ಇನ್ನೊಂದು ಬೆಂಕಿ ಬಿದ್ದು ಅಲ್ಲಿದ್ದ ಬಾಕಿ ಕಟ್ಟಡಗಳನ್ನೂ ತಿಂದಿತು, ದೂರದರ್ಶಕದ ವೀಕ್ಷಣಾಲಯ ಉಳಿಯಿತು. 1909ರಲ್ಲಿ ಕೆಳಗಿನ ರೂಬಿಯೋ ಕಣಿವೆಯ ನಿಲ್ದಾಣ ಪ್ರವಾಹಕ್ಕೆ ಹೋಯಿತು. 1928ರಲ್ಲಿ ಬಿರುಗಾಳಿಗೆ ವೀಕ್ಷಣಾಲಯವೂ ಹೋಯಿತು. ಇಷ್ಟೆಲ್ಲ ಆದರೂ ರೈಲು ಓಡುತ್ತಲೇ ಇತ್ತು ನೋಡಿ! 1936ರಲ್ಲಿ ಮೇಲಿನ ತುದಿಯ ಆಲ್ಪೈನ್ ಟಾವರ್ನ್ ಅನ್ನುವ ವಸತಿಗೃಹ ಸುಟ್ಟಿತು. ಆಮೇಲೆ ಹತ್ತಿಹೋದವರಿಗೆ ಇಳಿದುಕೊಳ್ಳಲು ಜಾಗ ಇಲ್ಲ. 1938ರ ಮಾರ್ಚ್ ಮಳೆಗೆ ಹಳಿಯ ದಾರಿಯೇ ಅಲ್ಲಲ್ಲಿ ಕೊಚ್ಚಿಹೋಯಿತು. ಅಷ್ಟರಲ್ಲಿ ಜನ ಕಾರಿನಲ್ಲಿ ಓಡಾಡೋದು ಕಲಿತಿದ್ದರು. ಯಾರಿಗೂ ಮತ್ತೆ ಕಟ್ಟುವ ಉಮೇದು ಇರಲಿಲ್ಲ.

ಇನ್ನೊಂದು ವಿಷಯ ಕೇಳಿ ನನಗೆ ಹೊಟ್ಟೆ ಉರಿದಿತ್ತು. ಇವತ್ತು ಅಲ್ಲಿ ಬರೀ ತಳಪಾಯ ಉಳಿಯಲು ಬೆಂಕಿ, ಮಳೆ ಮಾತ್ರ ಕಾರಣ ಅಲ್ಲ. ಉಳಿದಿದ್ದ ಗೋಡೆಗಳು ಅಪಾಯ ಅಂತ 1959ರಿಂದ 1962ರ ಒಳಗೆ ಅರಣ್ಯ ಇಲಾಖೆಯವರೇ ಕೆಡವಿದರು. ಅದೇ ಜಾಗ 1993ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಮೂವತ್ತು ವರ್ಷದಲ್ಲಿ ಕಸ ಹೋಗಿ ಇತಿಹಾಸ ಆಯಿತು.

ಸುಮ್ನೆ ಬಂದೆ | ಭಾನುವಾರ ಬೆಳಗ್ಗೆ 8:20

ಅಕ್ಕ, ಇಷ್ಟು ಸಲ ಸುಟ್ಟು, ಕೊಚ್ಚಿ, ಹಾರಿಹೋದ ಮೇಲೂ ಓಡ್ತಾ ಇತ್ತು ಅಂದ್ರೆ ಲಾಭ ಚೆನ್ನಾಗಿ ಬರ್ತಿತ್ತು ಅಂತಾಯ್ತಲ್ವಾ? ಈ ಲೋ ಅನ್ನೋನು ದೊಡ್ಡ ರೈಲ್ವೆ ಎಂಜಿನಿಯರ್ ಇರಬೇಕು.

ನಿಧಾನ ನಡಿಗೆ | ಭಾನುವಾರ ಬೆಳಗ್ಗೆ 8:44

ಎರಡೂ ತಪ್ಪು.

ಥಾಡಿಯಸ್ ಲೋ ಬಲೂನಿನ ಮನುಷ್ಯ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಬಲೂನಿನಲ್ಲಿ ಮೇಲೇರಿ ಶತ್ರು ಎಲ್ಲಿದ್ದಾನೆ ಅಂತ ನೋಡಿ ಹೇಳುವ ದಳ ಕಟ್ಟಿದವನು. ಆಮೇಲೆ ಗ್ಯಾಸ್ ತಯಾರಿಕೆ, ಐಸ್ ತಯಾರಿಕೆಯಲ್ಲಿ ದುಡ್ಡು ಮಾಡಿ ಪ್ಯಾಸಡೀನಾಗೆ ಬಂದ. ರೈಲಿನ ಎಂಜಿನಿಯರ್ ಡೇವಿಡ್ ಮ್ಯಾಕ್‌ಫರ್ಸನ್. ಬೆಟ್ಟಕ್ಕೆ ಮಾತ್ರ ಲೋ ಹೆಸರು. ಅದರ ಹಳೇ ಹೆಸರು ಓಕ್ ಮೌಂಟನ್.

ಲಾಭದ ಮಾತು ಕೇಳಬೇಡಿ. ಕೆಲವೇ ವರ್ಷದಲ್ಲಿ ಸಾಲ ಮೈಮೇಲೆ ಬಂದು ರೈಲು ಅವನ ಕೈ ಬಿಟ್ಟುಹೋಯಿತು. 1902ರಲ್ಲಿ ಹೆನ್ರಿ ಹಂಟಿಂಗ್ಟನ್ ಕೊಂಡುಕೊಂಡ. ಆಮೇಲೆ ಅದು ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿಯ ಟ್ರಾಲಿ ಜಾಲದ ಒಂದು ಕೊಂಬೆ ಆಯಿತು. ಲಾಸ್ ಏಂಜಲೀಸ್ ಪೇಟೆಯಲ್ಲಿ ಕೆಂಪು ಟ್ರಾಲಿ ಹತ್ತಿದವರು ಕಣಿವೆಯವರೆಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತಿದ್ದರು.

ಲೋಗೆ ಬೆಟ್ಟದ ತುದಿಯವರೆಗೆ ರೈಲು ಒಯ್ಯುವ ಆಸೆ ಇತ್ತು. ತುದಿ 5,603 ಅಡಿ. ರೈಲು ಕ್ರಿಸ್ಟಲ್ ಸ್ಪ್ರಿಂಗ್ಸ್‌ಗೆ, ಅಂದರೆ ತುದಿಗಿಂತ ಸುಮಾರು ಸಾವಿರ ಅಡಿ ಕೆಳಗೇ ನಿಂತಿತು. ದುಡ್ಡು ಮುಗಿದ ಜಾಗವೇ ಕೊನೆಯ ನಿಲ್ದಾಣ.

ಬೋಲ್ಟು ನಟ್ಟು | ಭಾನುವಾರ ಬೆಳಗ್ಗೆ 10:30

ಈಗ ಚಕ್ರದ ವಿಷಯ.

ರೂಬಿಯೋ ಕಣಿವೆಯಿಂದ ಎಕೋ ತುದಿಗೆ ಏರಬೇಕಾದ್ದು ಹೆಚ್ಚುಕಮ್ಮಿ 1,300 ಅಡಿ. ಮೇಲಿನ ಟ್ರಾಲಿ ದಾರಿ ಮೂರೂವರೆ ಮೈಲಿ ಸುತ್ತಿ ಎಷ್ಟು ಏರುತ್ತದೋ ಅಷ್ಟೇ. ಆದರೆ ಇಲ್ಲಿ ಆ ಎತ್ತರವನ್ನು ಅರ್ಧ ಮೈಲಿಯಲ್ಲಿ ಏರಬೇಕು! ಕಡಿದಾದ ಜಾಗದಲ್ಲಿ ಏರು 62 ಶೇಕಡಾ. ಹತ್ತು ಅಡಿ ಮುಂದೆ ಹೋದರೆ ಆರು ಅಡಿಗಿಂತ ಜಾಸ್ತಿ ಮೇಲೆ. ಅಲ್ಲಿ ಯಾವ ಗಾಲಿಯೂ ಹತ್ತಲ್ಲ. ಅದಕ್ಕೆ ಕೇಬಲ್.

ಬಾವಿಯ ರಾಟೆ ನೆನಪಿಸಿಕೊಳ್ಳಿ. ಹಗ್ಗದ ಎರಡೂ ತುದಿಗೆ ಕೊಡ ಕಟ್ಟಿದರೆ ಒಂದು ಇಳಿದಾಗ ಒಂದು ಏರುತ್ತದೆ ಅಲ್ವಾ? ಹಾಗೇ ಎರಡು ಬಂಡಿ. ಇಳಿಯುವ ಬಂಡಿಯ ಭಾರವೇ ಏರುವ ಬಂಡಿಯನ್ನು ಮುಕ್ಕಾಲುಪಾಲು ಎಳೆಯುತ್ತದೆ. ಎರಡರಲ್ಲೂ ಇರುವ ಜನರ ಭಾರದ ವ್ಯತ್ಯಾಸ, ಮತ್ತೆ ತಿಕ್ಕಾಟ, ಇಷ್ಟನ್ನು ಮಾತ್ರ ಮೋಟಾರ್ ನೋಡಿಕೊಂಡರೆ ಸಾಕು. ಮೋಟಾರ್ ಇದ್ದದ್ದು ಎಕೋ ಮೇಲೆ, ಆ ಚಕ್ರದ ಪಕ್ಕದಲ್ಲೇ. ಕೇಬಲ್ ವ್ಯವಸ್ಥೆಗೆ ಸಲಹೆ ಕೊಟ್ಟವನು ಆಂಡ್ರ್ಯೂ ಹ್ಯಾಲಿಡಿ, ಸ್ಯಾನ್ ಫ್ರಾನ್ಸಿಸ್ಕೋದ ಕೇಬಲ್ ಕಾರ್ ಮಾಡಿದವನು.

ಹಳಿ ಹಾಕುವುದರಲ್ಲೂ ಜಾಣತನ ಇದೆ. ಎರಡು ಬಂಡಿಗೆ ನಾಲ್ಕು ಹಳಿ ಬೇಕು. ಇವರು ಮೂರೇ ಹಾಕಿದರು. ನಡುವಿನ ಹಳಿ ಇಬ್ಬರಿಗೂ ಸೇರಿದ್ದು. ಬಂಡಿಗಳು ಎದುರುಬದುರಾಗುವ ನಟ್ಟನಡುವೆ ಮಾತ್ರ ಅದು ಎರಡಾಗಿ ಕವಲೊಡೆಯುತ್ತದೆ. ಎರಡೂ ಒಂದೇ ಕೇಬಲಿನವು, ಹಾಗಾಗಿ ಪ್ರತಿ ಸಲ ಅದೇ ಜಾಗದಲ್ಲೇ ಎದುರಾಗುತ್ತವೆ. ಸಿಗ್ನಲ್ ಬೇಡ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಬೇಡ. ನಿಮ್ಮ ತಂದೆಯವರಿಗೆ ಇದನ್ನು ಹೇಳಿ, ಖುಷಿ ಪಡ್ತಾರೆ.

ಅದೇ ಏರಿನಲ್ಲಿ ಮ್ಯಾಕ್‌ಫರ್ಸನ್ ಹೆಸರಿನ ಸೇತುವೆ ಇತ್ತು. ಉದ್ದ 200 ಅಡಿ. ಅದರ ಒಂದು ತುದಿ ಇನ್ನೊಂದಕ್ಕಿಂತ 100 ಅಡಿಗೂ ಹೆಚ್ಚು ಎತ್ತರದಲ್ಲಿತ್ತು! ಸೇತುವೆ ಅನ್ನೋದಕ್ಕಿಂತ ಏಣಿ ಅನ್ನಬೇಕು.

ಘಾಟಿ ಹುಡುಗ | ಭಾನುವಾರ ಮಧ್ಯಾಹ್ನ 1:15

ಇದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಸರ್? ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ದಾರಿ ಇಲ್ವಾ? ಸುರಂಗ, ಸೇತುವೆ, ಎಡಕುಮೇರಿ ನಿಲ್ದಾಣ, ಮಳೆ, ಜಿಗಣೆ. ನಾವು ಕಾಲೇಜಲ್ಲಿ ಇದ್ದಾಗ ಹಳಿ ಮೇಲೇ ನಡ್ಕೊಂಡು ಹೋಗಿದ್ವಿ.

ನಿಧಾನ ನಡಿಗೆ | ಭಾನುವಾರ ಮಧ್ಯಾಹ್ನ 1:50

ಅದು ಓಡುತ್ತಿರುವ ರೈಲು ದಾರಿ ಮಾರಾಯ. ಗೇಜ್ ಬದಲಿಸಲು ಮುಚ್ಚಿದ್ದ ಕಾಲ ಹೋಯಿತು. ಈಗ ಹಗಲೂ ರಾತ್ರಿ ಗಾಡಿ ಬರುತ್ತದೆ, ಹಳಿ ಮೇಲೆ ನಡೆದರೆ ಅಪರಾಧ. ಸುರಂಗದ ಒಳಗೆ ಗಾಡಿ ಎದುರಾದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಅದನ್ನ ಸಾಹಸ ಅಂತ ಹೇಳಿಕೊಳ್ಳಬೇಡಿ ದಯವಿಟ್ಟು. ಇಲ್ಲಿ ಮಾತಾಡ್ತಿರೋದು ರೈಲು ಬಿಟ್ಟುಕೊಟ್ಟ ದಾರಿಯ ಬಗ್ಗೆ.

ಹಳಿ ಹುಡುಕಿ | ಭಾನುವಾರ ಮಧ್ಯಾಹ್ನ 2:22

ಅಪ್ಪ ಸಕಲೇಶಪುರದ ಘಾಟಿಗೂ ಹೋಲಿಸಿದ್ದರು. "ಅಲ್ಲಿ ಐವತ್ತಕ್ಕೆ ಒಂದು. ಅದಕ್ಕೇ ಗೂಡ್ಸ್ ಗಾಡಿಗೆ ಹಿಂದಿನಿಂದ ತಳ್ಳೋಕೆ ಬೇರೆ ಎಂಜಿನ್ ಬೇಕು. ಹದಿನಾಲ್ಕಕ್ಕೆ ಒಂದು ಅಂದ್ರೆ ಹುಡುಗಾಟ ಅಲ್ಲ" ಅಂತ.

ಬೋಲ್ಟು ನಟ್ಟು ಸರ್, ಬಾವಿಯ ರಾಟೆ ಓದಿ ತುಂಬಾ ಸಂತೋಷವಾಯಿತು. ನಿಧಾನ ನಡಿಗೆ ಮೇಡಂ, ಎಕೋ ಆದಮೇಲಿನ ದಾರಿ ಹೇಳಿ.

ನಿಧಾನ ನಡಿಗೆ | ಭಾನುವಾರ ಸಂಜೆ 5:10

ಹೇಳ್ತೀನಿ. ಮೊದಲೇ ಒಂದು ಮಾತು: ಇದೆಲ್ಲ ಬೆಂಕಿಗೆ ಮುಂಚೆ ನಾನು ಕಂಡದ್ದು. ಬೆಂಕಿಯ ನಂತರ ಆ ಬೆಟ್ಟದ ದಾರಿಗಳನ್ನು ಮುಚ್ಚಿದ್ದರು. ಏಂಜಲೀಸ್ ರಾಷ್ಟ್ರೀಯ ಅರಣ್ಯದವರ ಆದೇಶ ನೋಡದೆ ಯಾರೂ ಹೊರಡಬೇಡಿ. "ಗೇಟ್ ಪಕ್ಕದಲ್ಲಿ ಸಂದಿ ಇದೆ" ಅನ್ನುವವರ ಮಾತು ಕೇಳಬೇಡಿ. ಗಿಡದ ಬೇರು ಸುಟ್ಟ ಇಳಿಜಾರು ಒಂದು ಜೋರು ಮಳೆಗೆ ಕೆಸರು, ಬಂಡೆ ಸಮೇತ ಕೆಳಗೆ ಬರುತ್ತದೆ.

ಎಕೋ ಬಿಟ್ಟ ಮೇಲೆ ರೈಲಿನ ದಾರಿ ಬೆಟ್ಟದ ಮೈಗೆ ಅಂಟಿಕೊಂಡು ಹೋಗುತ್ತದೆ. ಒಂದು ಕಡೆ ಕಡಿದ ಬಂಡೆ, ಇನ್ನೊಂದು ಕಡೆ ಪ್ರಪಾತ. ಮೂರೂವರೆ ಮೈಲಿಗೆ 127 ತಿರುವು, 18 ಸೇತುವೆ. ಅತಿ ಉದ್ದದ ನೇರ ಹಳಿ 225 ಅಡಿ ಅಂದರೆ ಅಂದಾಜು ಮಾಡಿಕೊಳ್ಳಿ. ಸೇತುವೆಗಳು ಮರದವು, ಅವು ಯಾವುದೂ ಇಲ್ಲ. ಸೇತುವೆ ಇದ್ದ ಕಡೆ ಕಾಲುದಾರಿ ಸಟ್ಟನೆ ಒಳಕ್ಕೆ ಇಳಿದು ಮತ್ತೆ ಹತ್ತುತ್ತದೆ. ಮೊದಲ ಸಲ ಹೋದಾಗ "ಇದೇನಪ್ಪ ಇಷ್ಟು ಹೊತ್ತು ಸಮ ಇತ್ತು" ಅಂತ ಬೈದುಕೊಂಡಿದ್ದೆ. ಆಮೇಲೆ ಹೊಳೆಯಿತು, ಮೊಣಕಾಲು ನೊಂದ ಕಡೆಯೆಲ್ಲ ಸೇತುವೆ ಇತ್ತು ಅಂತ ಲೆಕ್ಕ.

ಕೇಪ್ ಆಫ್ ಗುಡ್ ಹೋಪ್ ಅನ್ನುವ ಬಂಡೆಯ ಮೂಲೆ ಬರುತ್ತದೆ. ಅಲ್ಲಿಂದ ಮುಂದೆ ರೈಲಿನ ದಾರಿಯೇ ಅರಣ್ಯದ ಜೀಪು ರಸ್ತೆಯಾಗಿದೆ, ಸ್ವಲ್ಪ ಅಗಲ. ಸ್ವಯಂಸೇವಕರು ಅಲ್ಲಲ್ಲಿ ಹಳೇ ಫೋಟೋ ಇರುವ ಬೋರ್ಡ್ ನಿಲ್ಲಿಸಿದ್ದರು. ಫೋಟೋದಲ್ಲಿ ಟೋಪಿ ಹಾಕಿದ ಹೆಂಗಸರು ಟ್ರಾಲಿಯಲ್ಲಿ ಕೂತಿದ್ದಾರೆ, ಹಿಂದೆ ಬಂಡೆ. ತಲೆ ಎತ್ತಿದರೆ ಅದೇ ಬಂಡೆ, ಅದೇ ಬಿರುಕು. ನಾನು ಅಂಥ ಪ್ರತಿ ಬೋರ್ಡ್ ಮುಂದೆ ಐದು ನಿಮಿಷ ನಿಲ್ಲುತ್ತೇನೆ. ನನ್ನ ಜೊತೆ ಬರುವವರು ಅದಕ್ಕೇ ಎರಡನೇ ಸಲ ಬರಲ್ಲ.

ನನಗೆ ಬಹಳ ಇಷ್ಟದ ಜಾಗ ಸರ್ಕ್ಯುಲರ್ ಬ್ರಿಡ್ಜ್. ಬೆಟ್ಟದ ಮೂಗು ಚೂಪು, ಹಳಿ ಹಿಂದಕ್ಕೆ ತಿರುಗಲು ಜಾಗವೇ ಇಲ್ಲ. ಏನು ಮಾಡಿದರು? ಬೆಟ್ಟ ಬಿಟ್ಟು ಗಾಳಿಯಲ್ಲಿ ಮರದ ಸೇತುವೆ ಕಟ್ಟಿ, ಅದರ ಮೇಲೆ ಟ್ರಾಲಿಯನ್ನು ವೃತ್ತದ ಹಾಗೆ ಸುತ್ತಿಸಿದರು. ತ್ರಿಜ್ಯ 75 ಅಡಿ ಅಷ್ಟೇ. ಸುತ್ತುತ್ತಲೇ ಮೇಲಕ್ಕೂ ಏರುತ್ತಿತ್ತು. ಈಗ ಉಳಿದಿರುವುದು ಕಾಂಕ್ರೀಟ್ ಪಾದಗಳು ಮಾತ್ರ. ಅವನ್ನು ಒಂದೊಂದಾಗಿ ಹುಡುಕಿ ಕಣ್ಣಲ್ಲೇ ಗೆರೆ ಎಳೆದರೆ ಸೇತುವೆ ಎದ್ದು ನಿಲ್ಲುತ್ತದೆ. ನಿಮ್ಮ ತಂದೆಯವರು ಒಂದು ದಿನ ಪೂರ್ತಿ ಅಲ್ಲೇ ಕೂರುತ್ತಾರೆ, ಬುತ್ತಿ ಜಾಸ್ತಿ ಕಟ್ಟಿಕೊಳ್ಳಿ.

ಆಮೇಲೆ ಗ್ರಾನೈಟ್ ಗೇಟ್, ಬಂಡೆ ಸೀಳಿ ಟ್ರಾಲಿ ಹೋಗುವಷ್ಟೇ ಮಾಡಿದ ಸಂದಿ. ಅದು ದಾಟಿದರೆ ಮರದ ನೆರಳು ಸಿಗುತ್ತದೆ, ಟಾವರ್ನ್ ಇದ್ದ ಜಾಗದಲ್ಲಿ ಈಗ ಡೇರೆ ಹಾಕುವ ತಾಣ. ಅಲ್ಲಿಂದ ಸ್ವಲ್ಪ ನಡೆದರೆ ಇನ್‌ಸ್ಪಿರೇಷನ್ ಪಾಯಿಂಟ್. ಅಲ್ಲಿ ಕೊಳವೆಗಳನ್ನು ನೆಟ್ಟಿದ್ದಾರೆ, ಒಂದೊಂದರಲ್ಲಿ ಕಣ್ಣಿಟ್ಟರೆ ಒಂದೊಂದು ಊರು. ಅಲ್ಲಿಂದ ಹಿಂದೆ ಇನ್ನೊಂದು ಪುಟ್ಟ ರೈಲು ಇತ್ತಂತೆ, ಅದರ ಹೆಸರೇ "ಒಬ್ಬ ಮನುಷ್ಯ ಒಂದು ಹೇಸರಗತ್ತೆ ರೈಲು". ತಮಾಷೆ ಅಲ್ಲ, ಬಂಡಿ ಓಡಿಸುತ್ತಿದ್ದದ್ದು ಹೇಸರಗತ್ತೆಯೇ.

ಕಾಬ್ ಗೇಟಿನಿಂದ ಪೂರ್ತಿ ಹೋಗಿ ಬಂದರೆ 12 ಮೈಲಿ ಮುಟ್ಟುತ್ತದೆ. ವಾಪಸ್ ಬರಲು ಕಾಸಲ್ ಕ್ಯಾನಿಯನ್ ಅನ್ನುವ ಒಳದಾರಿ ಇದೆ, ಹತ್ತಿರ ಆದರೆ ಕಡಿದು. ತಂದೆಯವರ ಜೊತೆ ಬೇಡ. ರೈಲಿನ ದಾರಿಯಲ್ಲೇ ಇಳಿಸಿ, ಮೊಣಕಾಲು ನಿಮ್ಮನ್ನು ಹರಸುತ್ತದೆ.

ಎಕೋ ಮೇಲೆ ನಲ್ಲಿ ಇಲ್ಲ, ತಲೆಗೆ ಮೂರು ಲೀಟರ್ ಹೊತ್ತುಕೊಂಡೇ ಹೋಗಬೇಕು. ಬೇಸಿಗೆಯಲ್ಲಿ ಬೆಳಗಿನ ಆರಕ್ಕೇ ಕಾಲು ಹಾಕಿ.

ಮೂಡಲ ಗಾಳಿ | ಭಾನುವಾರ ರಾತ್ರಿ 8:03

ಒಂದು ತಪ್ಪೊಪ್ಪಿಗೆ. ಹತ್ತು ವರ್ಷದ ಹಿಂದೆ ಆ ದಾರಿಯಲ್ಲಿ ಮಣ್ಣಲ್ಲಿ ಅರ್ಧ ಹೂತ ಹಳಿಯ ಮೊಳೆಯೊಂದು ಸಿಕ್ಕಿತ್ತು. ಜೇಬಿಗೆ ಹಾಕಿಕೊಂಡು ಬಂದೆ. ಈಗಲೂ ನನ್ನ ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಟ್ಟಿದ್ದೇನೆ. ತುಕ್ಕು ಕಬ್ಬಿಣ, ಯಾರಿಗೆ ಬೇಕು ಅಂದುಕೊಂಡಿದ್ದೆ.

ನಿಧಾನ ನಡಿಗೆ | ಭಾನುವಾರ ರಾತ್ರಿ 8:15

ರಾಷ್ಟ್ರೀಯ ಅರಣ್ಯದಿಂದ ಹಳೇ ಕಾಲದ ವಸ್ತು ಎತ್ತಿಕೊಂಡು ಬರುವುದು ಅಪರಾಧ. ನಿಮಗೆ ಗೊತ್ತಿದ್ದೇ ಹೇಳ್ತಿದ್ದೀರಿ ಅನ್ಸುತ್ತೆ.

ಬೋಲ್ಟು ನಟ್ಟು | ಭಾನುವಾರ ರಾತ್ರಿ 8:40

ಕಾನೂನು ಬಿಡಿ. ಮೊಳೆ ಬಿದ್ದ ಜಾಗ ಇದ್ದರೆ ಹಳಿ ಎಲ್ಲಿ ಹಾದುಹೋಗಿತ್ತು, ಎಷ್ಟು ಅಗಲ ಇತ್ತು ಅಂತ ಮುಂದಿನವರು ಓದಬಹುದು. ನಿಮ್ಮ ಮೇಜಿನ ಮೇಲೆ ಅದು ಬರೀ ಮೊಳೆ. ಇವರ ಅಪ್ಪ ಅರ್ಧ ಮೈಲಿ ನೆಲ ನೋಡಿಕೊಂಡು ನಡೆದರಲ್ಲ, ಅವರಿಗೆ ಅದು ಸಿಕ್ಕಿದ್ದರೆ ಎಷ್ಟು ಖುಷಿ ಪಡ್ತಿದ್ದರು ಯೋಚಿಸಿ.

ಮೂಡಲ ಗಾಳಿ | ಭಾನುವಾರ ರಾತ್ರಿ 8:58

ಈ ಕೊನೆಯ ಸಾಲು ಬರೆಯಬಾರದಿತ್ತು ನೀವು. ಸರಿ. ಅರಣ್ಯ ಕಚೇರಿಗೆ ಹೋಗಿ, ಎಲ್ಲಿ ಸಿಕ್ಕಿತು ಅಂತ ಹೇಳಿ ಒಪ್ಪಿಸ್ತೀನಿ. ಬೈದರೆ ಬೈಸಿಕೊಳ್ತೀನಿ.

ಹಿಮದ ನಾಡು | ಸೋಮವಾರ ಬೆಳಗ್ಗೆ 7:30

ನಾನಿರುವುದು ಸಿಯಾಟಲ್ ಕಡೆ. ನೀವು ಮಾತಾಡ್ತಿರೋದು ಮೋಜಿನ ರೈಲು, ಜನ ಅದನ್ನು ಹತ್ತುತ್ತಿದ್ದದ್ದು ಗಾಳಿ ಸೇವನೆಗೆ. ನಮ್ಮಲ್ಲಿ ಐರನ್ ಗೋಟ್ ಟ್ರೇಲ್ ಇದೆ, ಸ್ಟೀವನ್ಸ್ ಪಾಸ್ ಹತ್ತಿರ. ಅದು ಗ್ರೇಟ್ ನಾರ್ದರ್ನ್ ಕಂಪನಿಯ ಮುಖ್ಯ ದಾರಿ. ಆ ಕಂಪನಿಯ ಗುರುತು ಬೆಟ್ಟದ ಮೇಕೆ, ಅದಕ್ಕೇ ಆ ಹೆಸರು.

1910ರ ಮಾರ್ಚ್ 1ರ ನಸುಕಿನಲ್ಲಿ ವೆಲ್ಲಿಂಗ್ಟನ್ ಅನ್ನುವ ನಿಲ್ದಾಣದಲ್ಲಿ ಹಿಮದಲ್ಲಿ ಸಿಕ್ಕಿಕೊಂಡು ಎರಡು ರೈಲು ನಿಂತಿದ್ದವು. ಮೇಲಿನಿಂದ ಹಿಮ ಜಾರಿ ಎರಡನ್ನೂ ಕಣಿವೆಗೆ ತಳ್ಳಿತು. 96 ಜನ ಸತ್ತರು. ಜನ ಹೆಸರು ಕೇಳಿಯೇ ಹೆದರುತ್ತಾರೆ ಅಂತ ಕಂಪನಿ ನಿಲ್ದಾಣದ ಹೆಸರನ್ನು ಟೈ ಅಂತ ಬದಲಿಸಿತು. ಹಿಮ ಬೀಳದ ಹಾಗೆ ಹಳಿಯ ಮೇಲೆ ಕಾಂಕ್ರೀಟ್ ಮಾಡು ಕಟ್ಟಿದರು. 1929ರಲ್ಲಿ ಬೆಟ್ಟದ ಬುಡದಲ್ಲೇ 7.8 ಮೈಲಿ ಸುರಂಗ ಕೊರೆದ ಮೇಲೆ ಆ ದಾರಿ ಪೂರ್ತಿ ಬಿಟ್ಟರು.

ಈಗ ನಡೆದರೆ ಆ ಕಾಂಕ್ರೀಟ್ ಗೋಡೆ ಪಕ್ಕದಲ್ಲೇ ಬರುತ್ತದೆ, ಮುಗಿಯುವುದೇ ಇಲ್ಲ ಅನ್ನಿಸುವಷ್ಟು ಉದ್ದ. ಪಾಚಿ, ನೀರು ತೊಟ್ಟಿಕ್ಕುವ ಸದ್ದು. ನನಗೆ ಅಲ್ಲಿ ಜೋರಾಗಿ ಮಾತಾಡಲು ಬಾಯಿ ಬರಲ್ಲ. ಹಳೇ ಸುರಂಗದ ಬಾಯಿಗಳೂ ಕಾಣುತ್ತವೆ, ಒಳಗೆ ಮಾತ್ರ ಹೋಗಬಾರದು, ಕುಸಿಯುತ್ತವೆ. ಕೆಳಗಿನ ಹಂತ ಎಷ್ಟು ಸಮ ಇದೆ ಅಂದರೆ ಗಾಲಿಕುರ್ಚಿಯೂ ಹೋಗುತ್ತದೆ. ನಿಮ್ಮ ತಂದೆಯವರು ಮುಂದಿನ ಸಲ ಬಂದಾಗ ಮೌಂಟ್ ಲೋ ತೆರೆದಿರದಿದ್ದರೆ ಇಲ್ಲಿಗೆ ಕರೆದುಕೊಂಡು ಬನ್ನಿ. ಚಳಿಗಾಲದಲ್ಲಿ ಮಾತ್ರ ಬೇಡ, ಆ ಇಳಿಜಾರಿನಲ್ಲಿ ಹಿಮ ಈಗಲೂ ಜಾರುತ್ತದೆ.

ಸುಮ್ನೆ ಬಂದೆ | ಸೋಮವಾರ ಬೆಳಗ್ಗೆ 9:02

ತಮಾಷೆ ಮಾಡೋಣ ಅಂತ ಬಂದೆ, ಬಾಯಿ ಕಟ್ಟಿಹೋಯ್ತು. ಒಂದು ಪೆದ್ದು ಪ್ರಶ್ನೆ. ಅದು ಮುಖ್ಯ ರೈಲು, ಸರಿ. ಈ ಮೌಂಟ್ ಲೋ ಒಬ್ಬ ಶ್ರೀಮಂತನ ಶೋಕಿ ತಾನೆ? ಅವನೇ ದಿವಾಳಿ ಆದ. ಇಷ್ಟು ಜನ ಬೋರ್ಡ್ ನೆಟ್ಟು, ದಾರಿ ಸವರಿ ಯಾಕೆ ಕಾಪಾಡ್ತಾರೆ?

ಬೋಲ್ಟು ನಟ್ಟು | ಸೋಮವಾರ ಬೆಳಗ್ಗೆ 11:20

ಶೋಕಿ ಅನ್ನೋದು ಒಪ್ಪಿದೆ. ಚಿಕಾಗೋ ವಸ್ತುಪ್ರದರ್ಶನದಲ್ಲಿಟ್ಟಿದ್ದ 30 ಲಕ್ಷ ಮೇಣದಬತ್ತಿ ಶಕ್ತಿಯ ದೀಪ ತಂದು ಎಕೋ ಮೇಲೆ ನಿಲ್ಲಿಸಿ ರಾತ್ರಿ ಊರಿನ ಮೇಲೆ ಬೆಳಕು ಬಿಡ್ತಿದ್ದ ಮನುಷ್ಯ. ಆದರೆ ತಂತಿಯಿಂದ ವಿದ್ಯುತ್ ಕೊಟ್ಟು ಬೆಟ್ಟ ಹತ್ತಿಸೋದು 1893ರಲ್ಲಿ ತೀರಾ ಹೊಸದು. ಅಲ್ಲಿನ ತೊರೆಗಳ ನೀರಿನಿಂದಲೂ ವಿದ್ಯುತ್ ಮಾಡಲು ನೋಡಿದರು. ನನ್ನಂಥವನಿಗೆ ಅಷ್ಟು ಸಾಕು.

ನಿಧಾನ ನಡಿಗೆ | ಸೋಮವಾರ ಮಧ್ಯಾಹ್ನ 12:45

ನನಗೆ ಲೋ ಮೇಲೆ ಅಂಥ ಪ್ರೀತಿ ಏನಿಲ್ಲ. ನನಗೆ ಇಷ್ಟ ಸ್ಯಾಮ್ ಮೆರಿಲ್. ರೈಲು ಹೋದ ಮೇಲೆ, 1940ರ ದಶಕದಲ್ಲಿ, ಆ ಕಾಲುದಾರಿ ಕಾಡು ಸೇರದ ಹಾಗೆ ಸನಿಕೆ ಹಿಡಿದು ನೋಡಿಕೊಂಡವನು. ಹಂಟಿಂಗ್ಟನ್ ಹೆಸರಲ್ಲಿ ಊರೆಲ್ಲ ಕಟ್ಟಡ ಇದೆ. ಇವನ ಹೆಸರಲ್ಲಿ ಎರಡೂವರೆ ಮೈಲಿ ಮಣ್ಣಿನ ದಾರಿ.

ಅಂದಹಾಗೆ, ಮರೆಯುವ ಮುಂಚೆ. ದಾರಿ ತೆರೆದ ಮೇಲೆ ಹೋಗುವವರು ಗಿಡ ಮುಟ್ಟಬೇಡಿ. ಆ ಬೆಟ್ಟಸಾಲಿನಲ್ಲಿ ಬೆಂಕಿ ಬಿದ್ದ ಕಡೆಯೆಲ್ಲ ಪೂಡಲ್ ಡಾಗ್ ಬುಷ್ ಅನ್ನುವ ಗಿಡ ಹುಲುಸಾಗಿ ಬರುತ್ತದೆ. ನೇರಳೆ ಹೂ, ನೋಡಲು ಚೆಂದ, ವಾಸನೆ ಘಾಟು. 2009ರ ಬೆಂಕಿ ಆದಮೇಲೆ ಒಂದು ಸಲ ಬೇರೆ ದಾರಿಯಲ್ಲಿ ಗೊತ್ತಿಲ್ಲದೆ ಕೈಯಿಂದ ಸರಿಸಿಕೊಂಡು ಹೋಗಿದ್ದೆ. ಆ ದಿನ ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಮೊಣಕೈವರೆಗೆ ಗುಳ್ಳೆ, ಎರಡು ವಾರ ನಿದ್ದೆ ಇಲ್ಲ. ತುಂಬು ತೋಳಿನ ಅಂಗಿ ಹಾಕಿ.

ಹಳಿ ಹುಡುಕಿ | ಸೋಮವಾರ ರಾತ್ರಿ 10:18

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರದವರೆಗೆ ತಡೆಯಲಾಗಲಿಲ್ಲ, ಇವತ್ತೇ ಅಪ್ಪನಿಗೆ ಫೋನ್ ಮಾಡಿ ಎಲ್ಲ ಓದಿ ಹೇಳಿದೆ. ಹಲ್ಲು ಇರಲಿಲ್ಲ, ಭಾರವೆಲ್ಲ ಓಡಿಸುವ ಗಾಲಿಯ ಮೇಲೇ ಬೀಳುತ್ತಿತ್ತು ಅಂದಾಗ "ಹಾಗೆ ಹೇಳು ಮತ್ತೆ" ಅಂದರು. ಮೂರು ಹಳಿಯ ವಿಷಯಕ್ಕೆ ಜೋರಾಗಿ ನಕ್ಕರು. ಹಿಂದೆ ಅಮ್ಮ "ಏನಾಯ್ತು" ಅಂತ ಕೇಳಿದ್ದು ನನಗೂ ಕೇಳಿಸಿತು. ಸರ್ಕ್ಯುಲರ್ ಬ್ರಿಡ್ಜ್ ತ್ರಿಜ್ಯ ಎಷ್ಟು ಅಂತ ಎರಡು ಸಲ ಕೇಳಿ ಬರೆದುಕೊಂಡರು.

ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ.

"ಹತ್ತಿದ್ದು ಸರಿ ಮಗಾ. ಹದಿನಾಲ್ಕಕ್ಕೆ ಒಂದರಲ್ಲಿ, ಮಳೆ ಬಂದು ಹಳಿ ಒದ್ದೆ ಆದಾಗ, ಅದು ಇಳೀತಿದ್ದದ್ದು ಹೇಗೆ? ಬ್ರೇಕ್ ಏನಿತ್ತು ಕೇಳು."

ಬೋಲ್ಟು ನಟ್ಟು ಸರ್, ಇದ್ದೀರಾ?